ನೆತ್ತಿಗಲ್ಲು ಮತ್ತು ಗೊರಸು

ಗ್ರ್ಯಾಂಡ್ ಮೇಸಾಕ್ಕೆ ಶಿಖರವೇ ಇಲ್ಲ. ಅಮೆರಿಕದ ಕೊಲೊರಾಡೊ ರಾಜ್ಯದ ಪಶ್ಚಿಮ ಭಾಗದಲ್ಲಿ ಗ್ರ್ಯಾಂಡ್ ಜಂಕ್ಷನ್ ಎಂಬ ಊರಿದೆ. ಅಲ್ಲಿನ ಒಣ ಬಯಲಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಆಕಾಶದಂಚಿನುದ್ದಕ್ಕೂ ಒಂದು ನೇರ ಗೆರೆ ಕಾಣುತ್ತದೆ. ಮೋಡವಿರಬೇಕು ಅನ್ನಿಸಿದರೂ ಅದು ಈ ಬೆಟ್ಟದ ನೆತ್ತಿ. ಬಯಲಿನಿಂದ ಅಲ್ಲಿಗೆ ಸುಮಾರು 6,000 ಅಡಿ ಏರಬೇಕು. ಸಮುದ್ರಮಟ್ಟದಿಂದ ಅಳೆದರೆ ನೆತ್ತಿಯ ಬಹುಪಾಲು 10,000 ಅಡಿಗೂ ಮೇಲಿದೆ. ಹರವು ಅಂದಾಜು 1,300 ಚದರ ಕಿಲೊಮೀಟರ್. ಮೇಸಾ ಎನ್ನುವ ಚಪ್ಪಟೆ ನೆತ್ತಿಯ ಬೆಟ್ಟಗಳಲ್ಲಿ ಜಗತ್ತಿಗೇ ದೊಡ್ಡದು ತಮ್ಮದು ಎಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಇಂಥ ಬಿರುದುಗಳನ್ನು ಊರ ಅಭಿಮಾನದ ಖಾತೆಗೆ ಹಾಕಿ ಮುಂದೆ ಹೋಗುವುದು ಕ್ಷೇಮ.

ಸಾಮಾನ್ಯ ಬೆಟ್ಟ ಹತ್ತುವವರಿಗೆ ಒಂದು ಅಭ್ಯಾಸವಿರುತ್ತದೆ. ಏರುತ್ತ ಏರುತ್ತ ಜಾಗ ಕಿರಿದಾಗಬೇಕು, ಕೊನೆಗೆ ನಾಲ್ಕು ಜನ ನಿಲ್ಲುವಷ್ಟು ಬಂಡೆ ಸಿಗಬೇಕು, ಫೋಟೊ ತೆಗೆದುಕೊಂಡು ಇಳಿಯಬೇಕು. ಮೇಸಾದಲ್ಲಿ ಲೆಕ್ಕ ಬೇರೆ. ಕಡಿದಾದ ಪಕ್ಕೆಯನ್ನು ಏದುಸಿರು ಬಿಡುತ್ತ ಹತ್ತಿ ಅಂಚು ದಾಟಿದ್ದೇ ತಡ, ಎದುರಿಗೆ ಇನ್ನೊಂದು ನಾಡು ತೆರೆದುಕೊಳ್ಳುತ್ತದೆ. ಸ್ಪ್ರೂಸ್ ಮರಗಳ ಕಾಡು, ಆಸ್ಪೆನ್ ತೋಪು, ಹುಲ್ಲುಗಾವಲು, ಕೆರೆಗಳು. ಕೆರೆಗಳೆಂದರೆ ಒಂದೆರಡಲ್ಲ, 300ಕ್ಕೂ ಹೆಚ್ಚು. ಕೆಳಗಿನ ಬಯಲಲ್ಲಿ ಜುಲೈ ಬಿಸಿಲು ಸುಡುತ್ತಿರುವಾಗ ಇಲ್ಲಿ ಸ್ವೆಟರು ಬೇಕು. ಸೊಳ್ಳೆಗಳ ವಿಷಯ ಪ್ರವಾಸಿ ಕೈಪಿಡಿಗಳಲ್ಲಿ ಸಣ್ಣಕ್ಷರದಲ್ಲಿರುತ್ತದೆ, ದಪ್ಪಕ್ಷರದಲ್ಲಿರಬೇಕಿತ್ತು.

ಈ ನೆತ್ತಿಯ ಮೇಲೆ ಮನುಷ್ಯರೂ ನಡೆಯುತ್ತಾರೆ, ಕುದುರೆಗಳೂ ನಡೆಯುತ್ತವೆ. ಅವರ ಕಾಲಡಿಯಲ್ಲಿ ಏನಾಗುತ್ತದೆ ಎಂದು ತಿಳಿಯಬೇಕಾದರೆ ಮೊದಲು ಬೆಟ್ಟವೇ ಹೇಗೆ ಚಪ್ಪಟೆಯಾಯಿತು ಎಂದು ನೋಡಬೇಕು. ಎರಡೂ ಒಂದೇ ಕಥೆ. ಒಂದು ಕೋಟಿ ವರ್ಷದ್ದು, ಇನ್ನೊಂದು ಒಂದು ಮಳೆಗಾಲದ್ದು.

ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ಇಲ್ಲಿ ಬೆಟ್ಟವಿರಲಿಲ್ಲ, ತಗ್ಗಿತ್ತು. ತಗ್ಗಿನಲ್ಲಿ ನದಿ ಹರಿಯುತ್ತಿತ್ತು. ಪೂರ್ವದ ಕಡೆ ನೆಲ ಬಿರಿದು ಲಾವಾ ಉಕ್ಕಿತು. ದ್ರವದ ಗುಣದಂತೆ ಅದೂ ತಗ್ಗು ಹುಡುಕಿಕೊಂಡು ಬಂದು ಕಣಿವೆಯನ್ನು ತುಂಬಿತು. ಒಂದು ಹರಿವು ಆರಿ ಕಲ್ಲಾದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹೀಗೆ ಹಲವು ನೂರು ಅಡಿ ದಪ್ಪದ ಬಸಾಲ್ಟ್ ಹಾಸು ಸಿದ್ಧವಾಯಿತು. ಅಲ್ಲಿಂದ ಮುಂದೆ ನೀರಿಗೆ ಈ ಕಲ್ಲನ್ನು ಕೊರೆಯುವುದು ಕಷ್ಟವಾಗಿ, ಅದು ಅಕ್ಕಪಕ್ಕದ ಮೆದು ಪದರಗಳನ್ನು ಹಿಡಿಯಿತು. ಉತ್ತರದಲ್ಲಿ ಕೊಲೊರಾಡೊ ನದಿ, ದಕ್ಷಿಣದಲ್ಲಿ ಗನ್ನಿಸನ್ ನದಿ ನೆಲವನ್ನು ಕೊರೆದು ಕೊರೆದು ಹೊತ್ತೊಯ್ದವು. ಹಿಂದೆ ಎತ್ತರವಾಗಿದ್ದ ಇಕ್ಕೆಲಗಳು ಕರಗಿಹೋದವು, ಹಿಂದಿನ ತಗ್ಗು ನೆತ್ತಿಯಾಗಿ ಉಳಿಯಿತು. ಭೂವಿಜ್ಞಾನಿಗಳು ಇದನ್ನು ತಲೆಕೆಳಗಾದ ಭೂರೂಪ ಎನ್ನುತ್ತಾರೆ.

ಇದಕ್ಕೆ ಸಾಕ್ಷಿ ಉಂಟೇ ಎಂದರೆ ಉಂಟು. ಮೇಸಾದ ಪಶ್ಚಿಮ ಭಾಗದಲ್ಲಿ ಬಸಾಲ್ಟಿನ ಅಡಿಯಲ್ಲೇ ಹಳೆಯ ನದಿ ಉರುಳಿಸಿ ನಯ ಮಾಡಿದ ಗುಂಡುಗಲ್ಲುಗಳು ಸಿಕ್ಕಿವೆ. ಇವತ್ತಿನ ನದಿ ಅವುಗಳಿಗಿಂತ ಸುಮಾರು 1,500 ಮೀಟರ್ ಕೆಳಗೆ ಹರಿಯುತ್ತಿದೆ. ಭಾಗಿಸಿ ನೋಡಿ: ವರ್ಷಕ್ಕೆ ಸರಾಸರಿ 0.15 ಮಿಲಿಮೀಟರ್. ನಮ್ಮ ಕೈಬೆರಳಿನ ಉಗುರು ಒಂದೂವರೆ ದಿನದಲ್ಲಿ ಬೆಳೆಯುವಷ್ಟನ್ನು ಇಡೀ ನದಿ ಒಂದು ವರ್ಷದಲ್ಲಿ ಕೊರೆದಿದೆ. ಅಷ್ಟಕ್ಕೇ ಒಂದೂವರೆ ಕಿಲೊಮೀಟರ್ ಆಳದ ವ್ಯತ್ಯಾಸ ಬಂತು.

ಗಟ್ಟಿ ಮೇಲೆ, ಮೆದು ಕೆಳಗೆ. ಮೇಸಾ ಉಳಿದಿರುವುದು ಈ ಏರ್ಪಾಟಿನಿಂದ, ಅದು ಸವೆಯುತ್ತಿರುವುದೂ ಇದರಿಂದಲೇ. ಬಸಾಲ್ಟಿನ ಅಡಿಯಲ್ಲಿರುವುದು ಜೇಡುಕಲ್ಲು, ಜೇಡಿಮಣ್ಣಿನ ಪದರಗಳು. ಕರಗಿದ ಹಿಮದ ನೀರು ಬಸಾಲ್ಟಿನ ಬಿರುಕುಗಳಲ್ಲಿ ಇಳಿದು ಈ ಜೇಡಿಯನ್ನು ಮುಟ್ಟಿದಾಗ ಅದು ಜಾರತೊಡಗುತ್ತದೆ. ಆಗ ನೆತ್ತಿಗಲ್ಲಿನ ಅಂಚು ಹೋಳುಹೋಳಾಗಿ ಕಳಚಿ ಕೆಳಗೆ ಸರಿಯುತ್ತದೆ. ಸರಿಯುವಾಗ ಹೋಳು ಸುಮ್ಮನೆ ಜಾರುವುದಿಲ್ಲ, ಬೆನ್ನು ಹಿಂದಕ್ಕೆ ವಾಲಿಸಿ ಕೂರುತ್ತದೆ. ಹಾಗೆ ವಾಲಿದ ಬೆನ್ನಿಗೂ ಬೆಟ್ಟದ ಗೋಡೆಗೂ ನಡುವೆ ಗುಂಡಿಯಾಗುತ್ತದೆ, ಗುಂಡಿಯಲ್ಲಿ ನೀರು ನಿಲ್ಲುತ್ತದೆ. ನೆತ್ತಿಯ ಅಂಚಿನ ಕೆಳಗಿನ ಎಷ್ಟೋ ಕೆರೆಗಳ ಹುಟ್ಟು ಹೀಗೆ. ಉಳಿದವುಗಳಲ್ಲಿ ಹಿಮಯುಗದ ಹಿಮರಾಶಿಯ ಕೈವಾಡವಿದೆ, ಇನ್ನು ಕೆಲವಕ್ಕೆ ಮನುಷ್ಯರು ಒಡ್ಡು ಕಟ್ಟಿ ದೊಡ್ಡದು ಮಾಡಿದ್ದಾರೆ.

ಈ ಕುಸಿತ ಹಳೆಯ ಕಾಲದ ಸಂಗತಿಯಲ್ಲ. 2014ರ ಮೇ 25ರಂದು ಮೇಸಾದ ಉತ್ತರ ಪಕ್ಕೆಯಲ್ಲಿ, ಕಾಲ್‌ಬ್ರನ್ ಊರಿನ ಹತ್ತಿರದ ವೆಸ್ಟ್ ಸಾಲ್ಟ್ ಕ್ರೀಕ್ ಕಣಿವೆಯಲ್ಲಿ ಗುಡ್ಡ ಜಾರಿತು. ಹಿಮ ಕರಗುವ ಕಾಲ, ಮೇಲಿಂದ ಮಳೆ. ಬೆಳಗ್ಗೆ ಸಣ್ಣ ಕುಸಿತವಾಗಿ ನೀರಾವರಿ ಕಾಲುವೆಗೆ ತೊಂದರೆಯಾಯಿತೆಂದು ಮೂವರು ಸ್ಥಳೀಯರು ನೋಡಲು ಹೋಗಿದ್ದರು. ಸಂಜೆ ದೊಡ್ಡದು ಬಂತು. ಕೆಲವೇ ನಿಮಿಷಗಳಲ್ಲಿ ಕಲ್ಲು, ಮಣ್ಣು, ಮರಗಳು ಸುಮಾರು ನಾಲ್ಕೂವರೆ ಕಿಲೊಮೀಟರ್ ಹರಿದು ಬಂದವು. ಮೂವರೂ ತೀರಿಕೊಂಡರು.

ಕರಾವಳಿಯ ಓದುಗರಿಗೆ ಇದರ ಒಳಗುಟ್ಟು ಹೊಸದೇನಲ್ಲ. ದಕ್ಷಿಣ ಕನ್ನಡ, ಉಡುಪಿಯ ಪದವುಗಳಲ್ಲಿ ಮೇಲೆ ಮುರಕಲ್ಲಿನ ಗಟ್ಟಿ ಹೊದಿಕೆ, ಕೆಳಗೆ ಶೇಡಿಮಣ್ಣು. ಕಲ್ಲು ಕಡಿದೋ ರಸ್ತೆಗೆಂದು ದರೆ ತೆಗೆದೋ ಶೇಡಿಯನ್ನು ಮಳೆಗೆ ಒಡ್ಡಿದರೆ ಮೇಲಿನದು ನಿಲ್ಲುವುದಿಲ್ಲ. ಬೆಳಗಾವಿ ಕಡೆಯಿಂದ ಮಹಾಬಳೇಶ್ವರಕ್ಕೆ ಹೋದವರು ಪಂಚಗಣಿಯ ಟೇಬಲ್ ಲ್ಯಾಂಡ್ ನೋಡಿರುತ್ತಾರೆ. ದಖನ್ನಿನ ಬಸಾಲ್ಟಿನ ಮೇಲೆ ಮುರಕಲ್ಲಿನ ಟೊಪ್ಪಿ ಇರುವ ಸಣ್ಣ ಮೇಸಾ ಅದು. ಅಲ್ಲಿಯೂ ಕುದುರೆ ಸವಾರಿ ಉಂಟು, ಕುದುರೆ ಗಾಡಿಯೂ ಉಂಟು. ಆದರೆ ಅಲ್ಲಿ ಕುದುರೆ ಬರಿಗಲ್ಲಿನ ಮೇಲೆ ಸುತ್ತು ಹೊಡೆಯುತ್ತದೆ. ಗ್ರ್ಯಾಂಡ್ ಮೇಸಾದಲ್ಲಿ ಕುದುರೆ ಏರಬೇಕು, ಜೌಗು ದಾಟಬೇಕು, ಇಳಿಯಬೇಕು.

ಏರುವುದರಿಂದ ಶುರು ಮಾಡೋಣ. ನೆತ್ತಿಯ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ. ಆಮ್ಲಜನಕದ ಪ್ರಮಾಣ ಎಲ್ಲಿಯಾದರೂ ಶೇಕಡಾ 21 ಅಷ್ಟೇ, ಆದರೆ ಇಡೀ ಗಾಳಿಯೇ ತೆಳುವಾದ್ದರಿಂದ ಪ್ರತಿ ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕ ಮೂರನೇ ಒಂದು ಪಾಲು ಕಡಿಮೆ. ಬಯಲಿಂದ ಬಂದ ಚಾರಣಿಗನ ದೇಹ ಮೊದಲ ದಿನ ಇದನ್ನು ಬರೀ ಜೋರು ಉಸಿರು, ಜೋರು ಎದೆಬಡಿತದಿಂದ ತುಂಬಿಕೊಳ್ಳಲು ನೋಡುತ್ತದೆ. ಕೆಂಪು ರಕ್ತಕಣಗಳನ್ನು ಹೆಚ್ಚು ತಯಾರಿಸಿಕೊಳ್ಳಲು ಅದಕ್ಕೆ ವಾರಗಟ್ಟಲೆ ಬೇಕು.

ಕುದುರೆಗೆ ಅಷ್ಟು ಕಾಯುವ ಅಗತ್ಯವಿಲ್ಲ. ಅದರ ಗುಲ್ಮ, ಅಂದರೆ ಹೊಟ್ಟೆಯ ಎಡಭಾಗದ ಸ್ಪ್ಲೀನ್, ಕೆಂಪು ಕಣಗಳ ಉಗ್ರಾಣ. ದೇಹದ ಕೆಂಪು ಕಣಗಳಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚನ್ನು ಅದು ದಾಸ್ತಾನು ಇಟ್ಟುಕೊಳ್ಳಬಲ್ಲದು. ಓಡಬೇಕಾದಾಗ, ಬೆದರಿದಾಗ ಗುಲ್ಮ ಹಿಂಡಿಕೊಂಡು ದಾಸ್ತಾನನ್ನು ರಕ್ತಕ್ಕೆ ಬಿಡುತ್ತದೆ. ಸುಮ್ಮನೆ ನಿಂತ ಕುದುರೆಯ ರಕ್ತದಲ್ಲಿ ಶೇಕಡಾ 40ರ ಆಸುಪಾಸಿನಲ್ಲಿದ್ದ ಕಣಗಳ ಪಾಲು ಪೂರ್ತಿ ದುಡಿಯುವಾಗ 60 ದಾಟುತ್ತದೆ. ಅಷ್ಟರ ಮಟ್ಟಿಗೆ ಕುದುರೆ ಹುಟ್ಟಾ ಚಾರಣಿಗ. ಅದರ ಕೊರತೆ ಬೇರೆ ಕಡೆ ಇದೆ. ಅದು ಬಾಯಿಂದ ಉಸಿರಾಡಲಾರದು. ಮೂಗಿನ ಹೊಳ್ಳೆಗಳೇ ಗತಿ. ನಾಗಾಲೋಟದಲ್ಲಂತೂ ಒಂದು ನೆಗೆತಕ್ಕೆ ಒಂದೇ ಉಸಿರು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಡೆನಿಸ್ ಬ್ರಾಂಬಲ್ ಮತ್ತು ಡೇವಿಡ್ ಕ್ಯಾರಿಯರ್ 1983ರಲ್ಲಿ ಓಡುವ ಪ್ರಾಣಿಗಳ ಹೆಜ್ಜೆ ಮತ್ತು ಉಸಿರನ್ನು ಒಟ್ಟಿಗೆ ದಾಖಲಿಸಿ ಇದನ್ನು ತೋರಿಸಿದರು. ಎರಡು ಕಾಲಿನ ನಮಗೆ ಆ ಕಟ್ಟುಪಾಡಿಲ್ಲ. ಎರಡು ಹೆಜ್ಜೆಗೊಂದು, ಮೂರು ಹೆಜ್ಜೆಗೊಂದು, ಹೇಗೆ ಬೇಕಾದರೂ ಉಸಿರಾಡಬಹುದು. ಹಾಗಾಗಿ ಏರಿನಲ್ಲಿ ಅನುಭವಸ್ಥ ಸವಾರ ಆಗಾಗ ಕುದುರೆಯನ್ನು ನಿಲ್ಲಿಸಿ, ಹೊಳ್ಳೆ ಅರಳುವುದು ಕಡಿಮೆಯಾಗುವವರೆಗೆ ಕಾಯುತ್ತಾನೆ. ಹೊಸಬರಿಗೆ ಇದು ಹೊಳೆಯುವುದಿಲ್ಲ. ತನಗೆ ಏದುಸಿರು ಬರುತ್ತಿಲ್ಲವಲ್ಲ, ಮತ್ತೇಕೆ ನಿಲ್ಲಬೇಕು?

ನಡೆಯುವವನ ಲೆಕ್ಕವನ್ನು ಇಟಲಿಯ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಅಳೆದು ಕೊಟ್ಟರು. ಬೆಟ್ಟದಲ್ಲಿ ಓಡಿ ಪಳಗಿದವರನ್ನು ಟ್ರೆಡ್‌ಮಿಲ್ ಮೇಲೆ ಬೇರೆ ಬೇರೆ ಏರು, ಇಳಿಜಾರಿನಲ್ಲಿ ನಡೆಸಿದರು. ಸಮತಟ್ಟಿನಲ್ಲಿ ಒಂದು ಕಿಲೊ ದೇಹತೂಕವನ್ನು ಒಂದು ಮೀಟರ್ ಸಾಗಿಸಲು ಸುಮಾರು 1.6 ಜೂಲ್ ಬೇಕಾಯಿತು. ನೂರಕ್ಕೆ ಹತ್ತರ ಇಳಿಜಾರಿನಲ್ಲಿ ಖರ್ಚು ಅರ್ಧಕ್ಕಿಳಿಯಿತು. ಅದಕ್ಕಿಂತ ಕಡಿದಾದ ಇಳಿಜಾರಿನಲ್ಲಿ ಮತ್ತೆ ಏರಿತು, ಏಕೆಂದರೆ ಅಲ್ಲಿ ಸ್ನಾಯುಗಳು ದೇಹವನ್ನು ತಡೆದು ಹಿಡಿಯಲು ದುಡಿಯಬೇಕು. ನೂರಕ್ಕೆ 45ರ ಏರಿನಲ್ಲಿ ಖರ್ಚು ಹತ್ತು ಪಟ್ಟು. ಬೆಟ್ಟದ ದಾರಿ ನೆಟ್ಟಗೆ ಹೋಗದೆ ಹಾವಿನಂತೆ ಅಂಕುಡೊಂಕಾಗಿ ಹೋಗುವುದಕ್ಕೆ ಕಾರಣ ಈ ಅಂಕಿಗಳಲ್ಲೇ ಇದೆ. ಆದರೆ ಅಂಕುಡೊಂಕಿಗೆ ಇನ್ನೂ ದೊಡ್ಡ ಕಾರಣ ನೀರು. ಅದಕ್ಕೆ ಬರುತ್ತೇನೆ.

ಕುದುರೆಯ ಹೆಜ್ಜೆಯ ಬಗ್ಗೆಯೂ ಅಷ್ಟೇ ಚೆಂದದ ಪ್ರಯೋಗವೊಂದಿದೆ. 1981ರಲ್ಲಿ ಡೊನಾಲ್ಡ್ ಹಾಯ್ಟ್ ಮತ್ತು ರಿಚರ್ಡ್ ಟೇಲರ್ ಮೂರು ಸಣ್ಣ ಕುದುರೆಗಳಿಗೆ ನಡಿಗೆ, ದುಡುಕಿ, ನಾಗಾಲೋಟ ಮೂರನ್ನೂ ಹೇಳಿದ ವೇಗದಲ್ಲಿ ಮಾಡಲು ಕಲಿಸಿ ಆಮ್ಲಜನಕದ ಬಳಕೆ ಅಳೆದರು. ಪ್ರತಿ ನಡೆಗೂ ಖರ್ಚು ಅತಿ ಕಡಿಮೆಯಾಗುವ ಒಂದು ವೇಗವಿದೆ. ಕುದುರೆಯನ್ನು ಅದರ ಪಾಡಿಗೆ ಬಿಟ್ಟರೆ ಅದು ಆ ವೇಗದ ಆಸುಪಾಸನ್ನೇ ಆರಿಸಿಕೊಳ್ಳುತ್ತದೆ, ನಡುವಿನ ದುಬಾರಿ ವೇಗಗಳನ್ನು ಬಿಟ್ಟುಬಿಡುತ್ತದೆ. ಬೆಟ್ಟದ ದಾರಿಯಲ್ಲಿ ಹಿಮ್ಮಡಿಯಿಂದ ತಿವಿಯುತ್ತ ಕೂರುವ ಸವಾರರಿಗೆ ಈ ಪ್ರಬಂಧದ ಪ್ರತಿ ಹಂಚಬೇಕು.

ಹೇರಿನ ಲೆಕ್ಕವೂ ಇಲ್ಲಿಯೇ ಬರಲಿ. ಕುದುರೆಯ ಬೆನ್ನಿನ ಮೇಲೆ ಅದರ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಹೇರಬಾರದೆಂಬ ರೂಢಿ ಹಳೆಯದು. 2008ರಲ್ಲಿ ಓಹಾಯೊದ ಸಂಶೋಧಕರು ಎಂಟು ಕುದುರೆಗಳ ಮೇಲೆ ಶೇಕಡಾ 15ರಿಂದ 30ರವರೆಗೆ ಹೇರು ಇಟ್ಟು ನೋಡಿದಾಗ 25 ಮತ್ತು 30ರಲ್ಲಿ ಎದೆಬಡಿತ ಸ್ಪಷ್ಟವಾಗಿ ಏರಿತು, ಸ್ನಾಯುಗಳಲ್ಲಿ ನೋವಿನ ಗುರುತು ಕಂಡಿತು. ರೂಢಿ ಸರಿಯಾಗಿಯೇ ಇತ್ತು. 450 ಕಿಲೊ ಕುದುರೆ ಎಂದರೆ 90 ಕಿಲೊ ಹೇರು. ಅದರಲ್ಲಿ ಪಶ್ಚಿಮ ಅಮೆರಿಕದ ದಪ್ಪ ಚರ್ಮದ ಜೀನೇ ಹದಿನೈದು ಕಿಲೊ ಮೇಲೆ ತೂಗುತ್ತದೆ. ಸವಾರನಿಗೂ ಅವನ ಬುತ್ತಿಗೂ ಉಳಿಯುವುದು 75ರೊಳಗೆ. ಕುದುರೆ ಬಾಡಿಗೆ ಕೊಡುವವನು ತೂಕ ಕೇಳಿದರೆ ಮುನಿಸಿಕೊಳ್ಳಬಾರದು.

ಈ ಬೆಟ್ಟಕ್ಕೂ ಕುದುರೆಗೂ ಇರುವ ನಂಟು ಬರೀ ಸವಾರಿಯದಲ್ಲ. ಬಸಾಲ್ಟಿನ ಕೆಳಗೆ ವಾಸಾಚ್ ಎಂಬ ಬಣ್ಣಬಣ್ಣದ ಜೇಡಿಪದರಗಳಿವೆ. ಕೊಲೊರಾಡೊ, ವಯೋಮಿಂಗ್ ಕಡೆಯ ಇದೇ ಕಾಲದ ಪದರಗಳಲ್ಲಿ ಐದೂವರೆ ಕೋಟಿ ವರ್ಷಗಳ ಆಚೀಚಿನ ಮೊದಲ ಕುದುರೆಗಳ ಎಲುಬುಗಳು ಸಿಗುತ್ತವೆ. ಯೇಲ್ ವಿಶ್ವವಿದ್ಯಾಲಯದ ಒತ್ನೀಲ್ ಮಾರ್ಷ್ 1876ರಲ್ಲಿ ಇಂಥದ್ದಕ್ಕೆ ಇಯೊಹಿಪ್ಪಸ್ ಎಂದು ಹೆಸರಿಟ್ಟ. ನಾಯಿಯಷ್ಟು ಎತ್ತರ, ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ಕಾಡಿನಲ್ಲಿ ಎಲೆ ಮೇಯ್ದುಕೊಂಡಿದ್ದ ಜೀವಿ. ಮುಂದೆ ಹುಲ್ಲುಗಾವಲು ಹರಡಿದ ಹಾಗೆ ಅದರ ಸಂತತಿಯ ಒಂದು ಕವಲು ದೊಡ್ಡದಾಯಿತು, ಬೆರಳುಗಳು ಕಳೆದುಹೋಗಿ ನಡುವಿನದೊಂದೇ ಉಳಿಯಿತು. ಇವತ್ತಿನ ಕುದುರೆ ನಡೆಯುವುದು ನಾಲ್ಕು ಬೆರಳ ತುದಿಗಳ ಮೇಲೆ, ಒಂದೊಂದು ಕಾಲಿಗೆ ಒಂದೊಂದು ದಪ್ಪ ಉಗುರು.

ಹುಟ್ಟಿದ ನೆಲದಲ್ಲಿ ಕುದುರೆ ಉಳಿಯಲಿಲ್ಲ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಅಮೆರಿಕ ಖಂಡಗಳಿಂದ ಅದು ಮರೆಯಾಯಿತು. ಅಷ್ಟರಲ್ಲಿ ಏಷ್ಯಾಕ್ಕೆ ದಾಟಿದ್ದ ಬಳಗ ಬದುಕಿಕೊಂಡಿತ್ತು. 1519ರಲ್ಲಿ ಸ್ಪೇನಿನ ಕೊರ್ಟೆಸ್ ಮೆಕ್ಸಿಕೊಕ್ಕೆ 16 ಕುದುರೆಗಳನ್ನು ಹಡಗಿನಲ್ಲಿ ತಂದ. ಅಲ್ಲಿಂದ ಉತ್ತರದ ಮೂಲನಿವಾಸಿಗಳ ಕೈಗೆ ಕುದುರೆ ಸೇರಿದ್ದು 1680ರಲ್ಲಿ ಪ್ಯೂಬ್ಲೊ ಜನ ಸ್ಪೇನಿನವರ ವಿರುದ್ಧ ಎದ್ದ ದಂಗೆಯ ನಂತರ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಹಳೆಯ ಎಲುಬುಗಳನ್ನು ಪರೀಕ್ಷಿಸಿದ 2023ರ ಅಧ್ಯಯನವೊಂದು ಅದನ್ನು ತಿದ್ದಿತು: 17ನೇ ಶತಮಾನದ ಮೊದಲರ್ಧದಲ್ಲೇ ಅವರು ಕುದುರೆ ಸಾಕುತ್ತಿದ್ದರು. ಉತ್ತರದ ಎಷ್ಟೋ ಕಡೆಗಳಿಗೆ ಯುರೋಪಿನವರು ಕಾಲಿಡುವ ಮೊದಲೇ ಕುದುರೆಗಳು ತಲುಪಿದ್ದವು.

ಗ್ರ್ಯಾಂಡ್ ಮೇಸಾ ಯೂಟ್ ಎಂಬ ಮೂಲನಿವಾಸಿ ಜನರ ನಾಡು. 1776ರ ಜುಲೈ ಕೊನೆಗೆ ಸಾಂತಾ ಫೆಯಿಂದ ಹೊರಟ ಡೊಮಿಂಗೆಸ್ ಮತ್ತು ಎಸ್ಕಲಾಂಟೆ ಎಂಬ ಇಬ್ಬರು ಪಾದ್ರಿಗಳ ತಂಡ ಸೆಪ್ಟೆಂಬರ್ ಮೊದಲ ವಾರದಲ್ಲಿ ಈ ಬೆಟ್ಟ ದಾಟಿತು. ದಾರಿ ತೋರಿಸಿದವರು ಯೂಟರು. ಒಳ್ಳೊಳ್ಳೆಯ ಕುದುರೆಗಳನ್ನೇರಿ ಬಂದ ಸುಮಾರು 80 ಯೂಟರು ಎದುರಾದರೆಂದು ಪಾದ್ರಿಗಳ ದಿನಚರಿಯಲ್ಲಿದೆ. ನೂರೈದು ವರ್ಷಗಳ ನಂತರ, 1881ರಲ್ಲಿ ಅಮೆರಿಕ ಸರ್ಕಾರ ಇಲ್ಲಿನ ಯೂಟರನ್ನು ಯೂಟಾ ಕಡೆಗೆ ಎಬ್ಬಿಸಿ ಕಳಿಸಿತು. 1892ರಲ್ಲಿ ಬೆಟ್ಟ ಸರ್ಕಾರಿ ರಕ್ಷಿತಾರಣ್ಯವಾಯಿತು. ಇವತ್ತು ಪ್ರವಾಸಿಗಳು ತುಳಿಯುವ ಜಾಡುಗಳಿಗೂ ಆ ಕುದುರೆಗಳಿಗೂ ಇರುವ ಸಂಬಂಧವನ್ನು ನಕ್ಷೆಗಳು ಹೇಳುವುದಿಲ್ಲ.

ಈಗ ಗೊರಸಿಗೆ ಬರೋಣ. ಜೂನ್ ಕೊನೆ, ಹುಲ್ಲುಗಾವಲಲ್ಲಿ ಹಿಮ ಈಗಷ್ಟೇ ಕರಗಿದೆ. ಒದ್ದೆ ನೆಲದ ಮೇಲೆ ಒಂದು ಕುದುರೆ ಹಾದುಹೋಗಿದೆ. ಬಗ್ಗಿ ಒಂದು ಗುರುತನ್ನು ನೋಡಿದರೆ ಅದೊಂದು ಆಳದ ಬಟ್ಟಲು. ಮುಂದಿನ ಅಂಚಿನಲ್ಲಿ, ಗೊರಸಿನ ತುದಿ ನೆಲ ಮೀಟಿದ ಕಡೆ, ಜೊಂಡುಹುಲ್ಲಿನ ಬೇರುಗಳು ಹರಿದು ಬಿಳಿ ತುದಿಗಳು ಕಾಣುತ್ತಿವೆ. ಅಲ್ಲಿನ ಹೆಂಟೆ ಬುಡಸಮೇತ ಮೇಲೆದ್ದು ಹಿಂದಕ್ಕೆ ಬಿದ್ದಿದೆ. ತಳದ ಮಣ್ಣು ಒತ್ತಿ ನುಣ್ಣಗಾಗಿದೆ. ನೀರು ಇಂಗದೆ ನಿಂತಿದೆ. ಪಕ್ಕದಲ್ಲೇ ಬೂಟಿನ ಗುರುತೂ ಇದೆ. ಹುಲ್ಲು ಬಾಗಿದೆ, ಮುರಿದಿಲ್ಲ.

ಅಂದಾಜು ಗಣಿತ ಮಾಡಬಹುದು. ಹೇರು ಸೇರಿ ಕುದುರೆ 540 ಕಿಲೊ. ಒಂದು ಗೊರಸಿನ ತಳ ಸುಮಾರು 120 ಚದರ ಸೆಂಟಿಮೀಟರ್. ನಡೆಯುವಾಗ ಎರಡು ಗೊರಸು ನೆಲದಲ್ಲಿವೆ ಎಂದಿಟ್ಟುಕೊಂಡರೆ ಚದರ ಸೆಂಟಿಮೀಟರಿಗೆ ಎರಡು ಕಾಲು ಕಿಲೊ ಭಾರ. ಚೀಲ ಸೇರಿ 80 ಕಿಲೊ ತೂಗುವ ಚಾರಣಿಗ ಒಂದೇ ಕಾಲಿನ ಮೇಲೆ ನಿಂತರೂ, ಬೂಟಿನ ತಳ 200 ಚದರ ಸೆಂಟಿಮೀಟರ್ ಇರುವುದರಿಂದ, 0.4 ಕಿಲೊ. ಐದಾರು ಪಟ್ಟು ವ್ಯತ್ಯಾಸ. ಗಟ್ಟಿ ನೆಲದಲ್ಲಿ ಲಾಳದ ಅಂಚು ಮಾತ್ರ ತಾಗುವುದರಿಂದ ಅಂತರ ಇನ್ನೂ ಹೆಚ್ಚು.

ಆ ಹುಲ್ಲು-ಬೇರಿನ ಹೆಣಿಗೆಯನ್ನು ಮತ್ತೊಮ್ಮೆ ನೋಡಿ. ಮೇಲೆ ಗಟ್ಟಿ, ಕೆಳಗೆ ಮೆದು. ಬಸಾಲ್ಟ್ ಬೆಟ್ಟಕ್ಕೆ ಏನು ಮಾಡುತ್ತದೋ ಒಂದು ಗೇಣು ದಪ್ಪದ ಬೇರುಹಾಸು ಹುಲ್ಲುಗಾವಲಿಗೆ ಅದನ್ನೇ ಮಾಡುತ್ತದೆ. ಹಾಸು ಇರುವ ತನಕ ನೀರು ಮೇಲೆ ಹರಿದುಹೋಗುತ್ತದೆ, ಮಣ್ಣನ್ನು ಒಯ್ಯಲಾರದು. ಹಾಸು ತೂತಾದ ಕಡೆ ನೀರಿಗೆ ದಾರಿ ಸಿಗುತ್ತದೆ. ತೂತುಗಳು ಸಾಲಾಗಿ ಕೂಡಿಕೊಂಡರೆ ಕೊರಕಲು. ನದಿ ಒಂದು ಕೋಟಿ ವರ್ಷದಲ್ಲಿ ಮಾಡಿದ್ದನ್ನು ಒಂದು ಕೆಟ್ಟ ಜಾಡು ಕೆಲವೇ ಮಳೆಗಾಲಗಳಲ್ಲಿ ಚಿಕ್ಕ ಅಳತೆಯಲ್ಲಿ ಮಾಡಿ ತೋರಿಸುತ್ತದೆ. ಹತ್ತು ಸಾವಿರ ಅಡಿಯ ಮೇಲೆ ಬೆಳೆಯುವ ಕಾಲ ವರ್ಷಕ್ಕೆ ಎರಡು ಮೂರು ತಿಂಗಳು. ಹರಿದ ಹಾಸು ಬೇಗ ಕೂಡಿಕೊಳ್ಳುವುದಿಲ್ಲ.

ಇದೆಲ್ಲ ಬರೀ ಊಹೆಯಾಗಿ ಉಳಿಯದಂತೆ ಕೆಲವರು ಸ್ಥಳದಲ್ಲೇ ಪರೀಕ್ಷೆ ಮಾಡಿದ್ದಾರೆ. ಮಾಂಟಾನಾ ರಾಜ್ಯದಲ್ಲಿ ವೀವರ್ ಮತ್ತು ಡೇಲ್ ಹುಲ್ಲುಗಾವಲು, ಕಾಡುಗಳಲ್ಲಿ ಮನುಷ್ಯರನ್ನೂ ಕುದುರೆಗಳನ್ನೂ ಮೋಟರ್‌ಸೈಕಲ್ಲುಗಳನ್ನೂ ಲೆಕ್ಕ ಇಟ್ಟು ಓಡಾಡಿಸಿದರು. 1978ರಲ್ಲಿ ಪ್ರಕಟವಾದ ಫಲಿತಾಂಶ: ಕುದುರೆ, ಮೋಟರ್‌ಸೈಕಲ್ ಎರಡೂ ಮನುಷ್ಯನಿಗಿಂತ ಹೆಚ್ಚು ಹಾನಿಕರ. ಆದರೆ ಹಾನಿಯ ಜಾಗ ಬೇರೆ. ಮೋಟರ್‌ಸೈಕಲ್ ಏರುವಾಗ ಚಕ್ರ ತಿರುಗಿಸಿ ನೆಲ ಕೆದಕುತ್ತದೆ, ಕಾಲಿರುವವರು ಇಳಿಯುವಾಗ. ನಿಂತ ಕುದುರೆಯ ತೂಕದಲ್ಲೇ ಅರ್ಧಕ್ಕಿಂತ ಹೆಚ್ಚು ಪಾಲು ಮುಂಗಾಲುಗಳ ಮೇಲಿರುತ್ತದೆ; ಇಳಿಜಾರಿನಲ್ಲಿ ಇನ್ನಷ್ಟು ಮುಂದಕ್ಕೆ ವಾಲಿ ಮುಂಗೊರಸುಗಳು ಬ್ರೇಕಿನಂತೆ ನೆಲಕ್ಕೆ ನಾಟುತ್ತವೆ. 1994ರಲ್ಲಿ ವಿಲ್ಸನ್ ಮತ್ತು ಸೆನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತುಳಿದ ಜಾಡಿನ ಮೇಲೆ ಕೃತಕ ಮಳೆ ಸುರಿಸಿ ಕೊಚ್ಚಿಹೋದ ಮಣ್ಣನ್ನು ಹಿಡಿದರು. ಸೈಕಲ್ಲನ್ನೂ ಸೇರಿಸಿಕೊಂಡಿದ್ದರು. ಚಕ್ರಗಳಿಗಿಂತ ಗೊರಸು ಮತ್ತು ಪಾದಗಳೇ ಹೆಚ್ಚು ಮಣ್ಣನ್ನು ಸಡಿಲಿಸಿದವು, ಅದೂ ಜಾಡು ಮೊದಲೇ ಒದ್ದೆಯಾಗಿದ್ದಾಗ. ಸೈಕಲ್ ಸವಾರರನ್ನು ಕಂಡರೆ ಮೂಗು ಮುರಿಯುವ ಚಾರಣಿಗರು ಈ ಪುಟವನ್ನು ಬೇಗ ತಿರುವಿಬಿಡುತ್ತಾರೆ.

ಹಾಗೆಂದು ಕುದುರೆಯನ್ನು ಬೆಟ್ಟದಿಂದ ಓಡಿಸಬೇಕೆಂದು ನಾನು ಹೇಳುತ್ತಿಲ್ಲ. ಗೊರಸು ಮಣ್ಣನ್ನು ಸಡಿಲ ಮಾಡುತ್ತದೆ, ಒಯ್ಯುವುದು ನೀರು. ನೀರನ್ನು ಜಾಡಿನ ಮೇಲೆ ಓಡಲು ಬಿಡದಿದ್ದರೆ ಅರ್ಧ ಜಗಳ ಮುಗಿಯಿತು. ಜಾಡು ಕಡಿಯುವವರ ಕಸುಬೆಲ್ಲ ಇದರ ಸುತ್ತ. ಬೆಟ್ಟದ ಪಕ್ಕೆ ಎಷ್ಟು ಓರೆಯೋ ಜಾಡಿನ ಏರು ಅದರ ಅರ್ಧ ಮೀರಬಾರದು. ಮೀರಿದರೆ ನೀರಿಗೆ ಪಕ್ಕಕ್ಕೆ ಇಳಿಯುವುದಕ್ಕಿಂತ ಜಾಡಿನುದ್ದಕ್ಕೆ ಇಳಿಯುವುದೇ ಸುಲಭವಾಗುತ್ತದೆ. ಒಟ್ಟಾರೆ ಏರು ನೂರಕ್ಕೆ ಹತ್ತರೊಳಗಿರಬೇಕು. ಜಾಡಿನ ಹೊರ ಅಂಚು ಒಳ ಅಂಚಿಗಿಂತ ಕೊಂಚ ತಗ್ಗಿರಬೇಕು. ಏರುವ ಜಾಡನ್ನು ಅಲ್ಲಲ್ಲಿ ನಾಲ್ಕು ಹೆಜ್ಜೆ ಇಳಿಸಿ ಮತ್ತೆ ಏರಿಸಬೇಕು. ಎಷ್ಟೇ ನೀರಿದ್ದರೂ ಆ ತಗ್ಗಿನಲ್ಲಿ ಹೊರಬಿದ್ದು ಹೋಗುತ್ತದೆ. ಒಳ್ಳೆಯ ಜಾಡಿನಲ್ಲಿ ಇವು ಕಣ್ಣಿಗೇ ಬೀಳುವುದಿಲ್ಲ. ನೋಡಬೇಕೆಂದರೆ ಮಳೆಯಲ್ಲಿ ಹೋಗಿ ನೋಡಬೇಕು.

ತಮಾಷೆಯೆಂದರೆ ಜಾಡು ಮಾಡುವವರಿಗೆ ಮೇಸಾದ ಕಡಿದಾದ ಪಕ್ಕೆಗಿಂತ ಅದರ ಚಪ್ಪಟೆ ನೆತ್ತಿಯೇ ಹೆಚ್ಚು ತಲೆನೋವು. ಪಕ್ಕೆಯಲ್ಲಿ ನೀರನ್ನು ಹೊರಗೆ ಹಾಕಲು ಜಾಗವಿದೆ. ನೆತ್ತಿಯಲ್ಲಿ ನೀರು ಹೋಗುವುದಾದರೂ ಎಲ್ಲಿಗೆ? ತುಳಿದು ತುಳಿದು ಜಾಡು ಸುತ್ತಲಿನ ನೆಲಕ್ಕಿಂತ ಒಂದು ಬೆರಳು ತಗ್ಗಾದರೆ ಸಾಕು, ಅದು ಕಾಲುವೆ. ಜುಲೈ ಬಂದರೂ ಕೆಸರು ಆರುವುದಿಲ್ಲ. ಮೊದಲು ಬಂದವನು ಬೂಟು ಹೊಲಸಾಗದಿರಲೆಂದು ಅಂಚಿನ ಹುಲ್ಲಿನ ಮೇಲೆ ಕಾಲಿಡುತ್ತಾನೆ. ಹಿಂದೆ ಬಂದ ಕುದುರೆಯೂ ಕೆಸರು ಕಂಡು ಪಕ್ಕಕ್ಕೆ ಸರಿಯುತ್ತದೆ. ಅಂಚೂ ಕೆಸರಾಗುತ್ತದೆ, ಮುಂದಿನವರು ಇನ್ನೂ ಆಚೆ. ಕೊನೆಗೆ ಒಂದು ಜಾಡಿದ್ದ ಕಡೆ ನಾಲ್ಕೈದು ಎಳೆಗಳು. ಇದಕ್ಕೆ ಮದ್ದು ಎರಡು: ಇಕ್ಕೆಲದಲ್ಲಿ ಮರದ ದಿಮ್ಮಿ ಕೂರಿಸಿ ನಡುವೆ ಕಲ್ಲು-ಮಣ್ಣು ತುಂಬಿ ಜಾಡನ್ನೇ ಎತ್ತರಿಸುವುದು, ಅಥವಾ ದಿಮ್ಮಿಗಳ ಮೇಲೆ ಹಲಗೆ ಹಾಸುವುದು. ಕುದುರೆಗೆ ಹಲಗೆ ದಪ್ಪವಾಗಿರಬೇಕು, ಜಾರಬಾರದು. ಎರಡೂ ಇಲ್ಲದ ಕಡೆ ಕೆಸರಿನ ನಡುವೆಯೇ ಹಾದುಹೋಗುವುದು ಮರ್ಯಾದಸ್ಥರ ಲಕ್ಷಣ. ಬೂಟು ತೊಳೆಯಬಹುದು.

ಲದ್ದಿಯ ವಿಚಾರವನ್ನೂ ಮುಗಿಸಿಬಿಡೋಣ. ಹಸುವಿನ ಹಾಗೆ ಕುದುರೆ ಮೆಲುಕು ಹಾಕುವುದಿಲ್ಲ. ನಾರನ್ನು ಕರಗಿಸುವ ಕೆಲಸ ಅದರ ಹಿಂಗರುಳಿನಲ್ಲಿ ನಡೆಯುತ್ತದೆ, ಹಾಗಾಗಿ ಲದ್ದಿಯಲ್ಲಿ ಅರೆಬರೆ ಜಗಿದ ಹುಲ್ಲೂ ಜೀವವಿರುವ ಬೀಜಗಳೂ ಹೊರಬರುತ್ತವೆ. ಬಯಲಿನ ಕಳೆ ಬೆಟ್ಟದ ನೆತ್ತಿ ಸೇರಲು ಇಷ್ಟು ಸಾಕು. ಕೊಲೊರಾಡೊದ ರಾಷ್ಟ್ರೀಯ ಅರಣ್ಯಗಳಿಗೆ ಕುದುರೆ ಒಯ್ಯುವವರು ಕಳೆಬೀಜವಿಲ್ಲವೆಂದು ದೃಢೀಕರಿಸಿದ ಮೇವನ್ನೇ ಒಯ್ಯಬೇಕೆಂಬ ನಿಯಮ ಬಂದದ್ದು ಇದಕ್ಕೆ.

ಮೇಸಾದ ಅತ್ಯುನ್ನತ ಜಾಗಗಳಲ್ಲೊಂದು ಕ್ರ್ಯಾಗ್ ಕ್ರೆಸ್ಟ್. ಎರಡೂ ಬದಿಯಿಂದ ಬಸಾಲ್ಟ್ ಕಳಚಿಬಿದ್ದು ನಡುವೆ ಉಳಿದ ಕಿರಿದಾದ ಏಣು, 11,189 ಅಡಿ. ಏಣಿನ ಮೇಲೂ ಅದರ ಬುಡದಲ್ಲೂ ಸುತ್ತುವ ಸುಮಾರು 10 ಮೈಲಿಯ ಜಾಡು 1978ರಲ್ಲಿ ರಾಷ್ಟ್ರೀಯ ಮನರಂಜನಾ ಜಾಡೆಂದು ಘೋಷಣೆಯಾಯಿತು. ಕೆಲವೆಡೆ ಇಕ್ಕೆಲದಲ್ಲೂ ಆಳಕ್ಕೆ ಕಲ್ಲಿನ ರಾಶಿ, ಅದರ ಸಂದುಗಳಿಂದ ಪೈಕಾ ಎಂಬ ಗುಂಡುಕಿವಿಯ ಪುಟ್ಟ ಪ್ರಾಣಿಯ ಚೀತ್ಕಾರ. ಜುಲೈ, ಆಗಸ್ಟ್ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಇಲ್ಲಿ ನಿಲ್ಲಬಾರದು. ಬಿಸಿಗಾಳಿ ಬೆಟ್ಟದ ಪಕ್ಕೆಗೆ ಬಡಿದು ಮೇಲೇರಿ, ಬೆಳಗ್ಗೆ ಇಲ್ಲದ ಮೋಡಗಳು ಎರಡು ಗಂಟೆಯ ಹೊತ್ತಿಗೆ ಕಪ್ಪಾಗಿ ಸಿಡಿಲು ಉದುರಿಸುತ್ತವೆ. ಮರವಿಲ್ಲದ ಬಯಲಲ್ಲಿ ಕುದುರೆಯ ಮೇಲೆ ಕೂತವನೇ ಎಲ್ಲರಿಗಿಂತ ಎತ್ತರ. ಗುಡುಗು ಕೇಳಿದ ಕೂಡಲೇ ಇಳಿದು ತಗ್ಗಿಗೆ ಸರಿಯಬೇಕು.

ಕಿರಿದಾದ ಜಾಡಿನಲ್ಲಿ ನಡೆಯುವವರಿಗೆ ಕುದುರೆ ಎದುರಾದರೆ ದಾರಿ ಬಿಡಬೇಕಾದವರು ನಡೆಯುವವರು. ಇಷ್ಟು ಎಲ್ಲರಿಗೂ ಗೊತ್ತು. ಯಾವ ಬದಿಗೆ ಸರಿಯಬೇಕು? ಕೆಳಬದಿಗೆ. ಕುದುರೆಯ ಕಣ್ಣುಗಳು ತಲೆಯ ಇಕ್ಕೆಲದಲ್ಲಿದ್ದು ಹೆಚ್ಚುಕಡಿಮೆ ಸುತ್ತಲೂ ಕಾಣುತ್ತವೆ. ಮೂಗಿನ ತುದಿಯ ಮುಂದೆ ಮತ್ತು ಬಾಲದ ಹಿಂದೆ ಮಾತ್ರ ಕುರುಡು ಜಾಗ. ಬೇಟೆಗೆ ಸಿಕ್ಕುವ ಪ್ರಾಣಿಗಳ ಮನೆತನದ ಅದಕ್ಕೆ ತಲೆಯ ಮೇಲೆತ್ತರದಲ್ಲಿ ಬೆನ್ನಿಗೆ ದೊಡ್ಡ ಗಂಟು ಹೊತ್ತು ಅಲ್ಲಾಡದೆ ನಿಂತ ಆಕೃತಿ ಎಂದರೆ ಎರಗಲು ಹೊಂಚು ಹಾಕಿದ ಮೃಗ. ಬೆದರಿದರೆ ಅದು ಆಕೃತಿಯಿಂದ ದೂರ ಹಾರುತ್ತದೆ. ನೀವು ಮೇಲೆ ನಿಂತಿದ್ದರೆ ಅದು ಹಾರುವುದು ಪ್ರಪಾತದ ಕಡೆಗೆ, ಸವಾರನ ಸಮೇತ. ನೀವು ಕೆಳಗಿದ್ದರೆ ಗುಡ್ಡದ ಕಡೆಗೆ. ಉಸಿರು ಬಿಗಿಹಿಡಿದು ಸುಮ್ಮನೆ ನಿಲ್ಲುವುದೂ ತಪ್ಪು. ಸವಾರನ ಜೊತೆ ಎರಡು ಮಾತಾಡಿ. ದನಿ ಕೇಳಿದರೆ ಗಂಟು ಹೊತ್ತದ್ದು ಮನುಷ್ಯನೇ ಎಂದು ಕುದುರೆಗೆ ತಿಳಿಯುತ್ತದೆ. ಕನ್ನಡದಲ್ಲಿ ಮಾತಾಡಿದರೂ ನಡೆಯುತ್ತದೆ.

ಸಂಜೆ ಇಳಿಯುವಾಗ ಕಡಿದಾದ ಕಡೆ ಪಳಗಿದ ಸವಾರರು ಕುದುರೆಯಿಂದ ಇಳಿದು ಲಗಾಮು ಹಿಡಿದು ನಡೆಯುವುದನ್ನು ಕಾಣಬಹುದು. ಕುದುರೆಯ ಬೆನ್ನಿನ ಮೇಲಿನ ಸುಮಾರು 70 ಕಿಲೊ ಕಡಿಮೆಯಾಗುತ್ತದೆ, ಗೊರಸು ಅಷ್ಟು ಆಳಕ್ಕೆ ನಾಟುವುದಿಲ್ಲ. ಗಂಟೆಗಟ್ಟಲೆ ರಿಕಾಪಿನಲ್ಲಿ ಮರಗಟ್ಟಿದ ಸವಾರನ ಮೊಣಕಾಲಿಗೂ ಇದು ಬೇಕು. ತೊಡೆಯ ಮುಂಭಾಗದ ಸ್ನಾಯುಗಳು ಮಾತ್ರ ದೂರುತ್ತವೆ: ಇಳಿಯುವಾಗ ಅವು ಉದ್ದವಾಗುತ್ತಲೇ ಭಾರ ತಡೆಯಬೇಕು, ಆ ಬಗೆಯ ದುಡಿತ ನಾರುಗಳನ್ನು ಸೂಕ್ಷ್ಮವಾಗಿ ಹರಿಯುತ್ತದೆ, ನೋವು ಕಾಣಿಸುವುದು ಮರುದಿನ. ಸಮತಟ್ಟಿಗೆ ಬಂದ ಮೇಲೆ ಮತ್ತೆ ಹತ್ತುವ ಮುನ್ನ ಜೀನಿನ ಹೊಟ್ಟೆಪಟ್ಟಿಯನ್ನು ಮುಟ್ಟಿ ನೋಡಿ ಬಿಗಿಯಬೇಕು. ಇಳಿಜಾರಿನಲ್ಲಿ ಜೀನು ಕುದುರೆಯ ಹೆಗಲಿನ ಕಡೆಗೆ ಸರಿದಿರುತ್ತದೆ, ಬೆವರಿ ಇಳಿದ ಕುದುರೆಯ ಹೊಟ್ಟೆಯ ಸುತ್ತಳತೆಯೂ ಬೆಳಗ್ಗೆ ಇದ್ದಷ್ಟಿರುವುದಿಲ್ಲ.